ಬೈಯಪ್ಪನಹಳ್ಳಿಯ ‘ಹ’ ಎಲ್ಲಿಂದ ಬಂತು?

ನೇರಳೆ ಮಾರ್ಗದ ಮೆಟ್ರೊ ಇಂದಿರಾನಗರ ದಾಟಿ ಪೂರ್ವಕ್ಕೆ ಹೊರಟ ಮೇಲೆ ಬರುವ ನಿಲ್ದಾಣಗಳ ಹೆಸರುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಕೃಷ್ಣರಾಜಪುರ, ಸಿಂಗಯ್ಯನಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ. ಕಿಟಕಿಯಾಚೆ ಕಾಣುವುದೆಲ್ಲ ಗಾಜಿನ ಕಟ್ಟಡ, ಮೇಲ್ಸೇತುವೆ, ವಾಹನಗಳ ಸಾಲು. ಹೆಸರಲ್ಲಿ ಮಾತ್ರ ಹಳ್ಳಿ ಇನ್ನೂ ಉಳಿದಿದೆ.

ಇವತ್ತು ಈ ‘ಹಳ್ಳಿ’ ಎಂಬ ಒಂದೇ ಒಂದು ಪದದ ಬೆನ್ನು ಹತ್ತೋಣ. ಪದದಲ್ಲಿ ಎಂಥ ವಿಜ್ಞಾನ ಎಂದು ಮೂಗು ಮುರಿಯಬೇಡಿ ಮಕ್ಕಳೇ. ಕಲ್ಲು, ಎಲೆ, ನಕ್ಷತ್ರಗಳನ್ನು ನೋಡಿ ನಿಯಮ ಹುಡುಕುವವರಿರುವ ಹಾಗೆಯೇ ಮಾತುಗಳನ್ನು ಕೇಳಿ ನಿಯಮ ಹುಡುಕುವವರೂ ಇದ್ದಾರೆ. ಆ ಕೆಲಸಕ್ಕೆ ಭಾಷಾವಿಜ್ಞಾನ ಎಂದು ಹೆಸರು. ಅದಕ್ಕೆ ದುರ್ಬೀನು ಬೇಡ, ಪ್ರಯೋಗಶಾಲೆಯೂ ಬೇಡ. ಎರಡು ಕಿವಿ, ಒಂದು ಬಾಯಿ, ಜೊತೆಗೆ ಬೇರೆ ಬೇರೆ ಭಾಷೆಯ ಗೆಳೆಯರು ಇದ್ದರೆ ಸಾಕು.

ಗೆಳೆಯರ ವಿಷಯದಲ್ಲಿ ಶಿವಾಜಿನಗರ, ಹಲಸೂರಿನ ಮಕ್ಕಳು ಅದೃಷ್ಟವಂತರು. 1809ರಲ್ಲಿ ಬ್ರಿಟಿಷರು ಇಲ್ಲಿ ಸೈನ್ಯಕ್ಕೆಂದು ಕಂಟೋನ್ಮೆಂಟ್ ಕಟ್ಟಿದರು. ನಮ್ಮ ಹಿರಿಯರು ಅದನ್ನು ‘ದಂಡು’ ಎಂದೇ ಕರೆದರು. ಸಿಪಾಯಿಗಳು, ಅಡುಗೆಯವರು, ದರ್ಜಿಗಳು, ವ್ಯಾಪಾರಿಗಳು ತಮಿಳು, ತೆಲುಗು ನಾಡುಗಳಿಂದ ಬಂದು ಇಲ್ಲಿಯವರೇ ಆದರು. ದಖ್ಖನಿ ಉರ್ದು ಮನೆಮಾತಿನವರೂ ಇದ್ದರು. ಮಲಯಾಳಂ ಆಮೇಲೆ ಬಂದು ಸೇರಿತು. ಹಾಗಾಗಿ ಒಂದೇ ಬೀದಿಯಲ್ಲಿ ನಾಲ್ಕೈದು ಭಾಷೆ.

ಈಗ ಅಂಥ ಬೀದಿಯ ನಾಲ್ಕು ಮಕ್ಕಳನ್ನು ಊಹಿಸಿಕೊಳ್ಳಿ. ಕನ್ನಡದ ಹುಡುಗಿ ರಜೆಗೆ ‘ಹಳ್ಳಿ’ಗೆ ಹೊರಟಿದ್ದಾಳೆ. ತೆಲುಗಿನ ಹುಡುಗನೂ ಅಜ್ಜಿಯ ‘ಪಲ್ಲೆ’ಗೆ ಹೊರಟಿದ್ದಾನೆ. ತಮಿಳಿನ ಹುಡುಗಿ ‘ಪಳ್ಳಿ’ಗೆ ಹೊರಟಿದ್ದಾಳೆ, ಬೆನ್ನಿಗೆ ಪುಸ್ತಕದ ಚೀಲ, ಏಕೆಂದರೆ ಅವಳ ಮಾತಿನಲ್ಲಿ ಪಳ್ಳಿ, ಪಳ್ಳಿಕ್ಕೂಡಂ ಎಂದರೆ ಶಾಲೆ. ಮಲಯಾಳಂ ಹುಡುಗನೂ ‘ಪಳ್ಳಿ’ಗೇ ಹೊರಟಿದ್ದಾನೆ, ಆದರೆ ಪ್ರಾರ್ಥನೆಗೆ. ಅವನ ಭಾಷೆಯಲ್ಲಿ ಮಸೀದಿಯೂ ಪಳ್ಳಿ, ಚರ್ಚೂ ಪಳ್ಳಿ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾ ಮಂದಿರವನ್ನೂ ಅಲ್ಲಿಯವರು ‘ಜೂತಪಳ್ಳಿ’ ಎನ್ನುತ್ತಾರೆ.

ನಾಲ್ವರೂ ಒಂದೇ ಪದ ಹೇಳಿದರು. ಆದರೆ ತಲುಪುವುದು ಮೂರು ಬಗೆಯ ಜಾಗಕ್ಕೆ! ಇಲ್ಲಿ ಎರಡು ಪ್ರಶ್ನೆಗಳಿವೆ. ಮಿಕ್ಕ ಮೂವರ ಬಾಯಲ್ಲೂ ‘ಪ’ ಇರುವಾಗ ಕನ್ನಡದ ಬಾಯಲ್ಲಿ ಮಾತ್ರ ‘ಹ’ ಏಕೆ? ಮತ್ತೆ, ಊರು, ಶಾಲೆ, ಪ್ರಾರ್ಥನೆಯ ಮನೆ, ಇವು ಮೂರೂ ಒಂದೇ ಪದದೊಳಗೆ ಸೇರಿದ್ದು ಹೇಗೆ?

ಮೊದಲನೆಯದಕ್ಕೆ ಪುರಾವೆ ಕೂಡಿಸೋಣ. ನಾವು ‘ಹಾಲು’ ಎನ್ನುತ್ತೇವೆ. ತಮಿಳಿನವರು ಪಾಲ್, ತೆಲುಗಿನವರು ಪಾಲು ಎನ್ನುತ್ತಾರೆ. ನಮ್ಮ ಹುಲಿ ಎರಡೂ ಕಡೆ ಪುಲಿ, ತುಳುವಿನಲ್ಲಿ ಪಿಲಿ. ನಮ್ಮ ಹತ್ತು ತಮಿಳಿನಲ್ಲಿ ಪತ್ತು, ತೆಲುಗಿನಲ್ಲಿ ಪದಿ. ಹಂದಿ ತೆಲುಗಿನಲ್ಲಿ ಪಂದಿ. ಹೆಸರು ತಮಿಳಿನಲ್ಲಿ ಪೆಯರ್, ತೆಲುಗಿನಲ್ಲಿ ಪೇರು. ಹೊಗೆ ತೆಲುಗಿನಲ್ಲಿ ಪೊಗ. ಹಲಸೂರಿಗೆ ಆ ಹೆಸರು ಕೆರೆಯ ಬಳಿಯಿದ್ದ ಹಲಸಿನ ತೋಪಿನಿಂದ ಬಂತೆಂದು ಹೇಳುತ್ತಾರಲ್ಲ, ಆ ಹಲಸೂ ಅಷ್ಟೇ: ಹಳಗನ್ನಡದಲ್ಲಿ ಪಲಸು, ತಮಿಳಿನಲ್ಲಿ ಈಗಲೂ ಪಲಾ.

ಒಂದೆರಡು ಪದ ಹೀಗಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಇಲ್ಲಿ ಸಾಲು ಸಾಲಾಗಿ ಆಗಿದೆ. ಅಂದರೆ ಯಾರೋ ಒಬ್ಬರು ತೊದಲಿದ್ದಲ್ಲ, ಇಡೀ ಭಾಷೆಯೇ ಒಂದು ನಿಯಮ ಹಿಡಿದು ನಡೆದಿದೆ: ಪದದ ಮೊದಲಲ್ಲಿ ‘ಪ’ ಇದ್ದರೆ ಅದು ‘ಹ’ ಆಗಲಿ.

ಬದಲಾಗಿದ್ದು ಕನ್ನಡವೋ ಮಿಕ್ಕ ಭಾಷೆಗಳೋ? ಇದಕ್ಕೆ ಕಲ್ಲುಗಳು ಸಾಕ್ಷಿ ಹೇಳುತ್ತವೆ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಹೆಸರು ಕೇಳಿದ್ದೀರಿ. ಸುಮಾರು ಕ್ರಿ.ಶ. 450ರದು, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ವಿದ್ವಾಂಸರ ಗಮನಕ್ಕೆ ತಂದರು. ಪರೀಕ್ಷೆಗೆಂದು ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಅದಕ್ಕಿಂತ ಸೊಗಸಾದ ಸಂಗತಿ ಅದರ ಒಳಗಿದೆ. ಆ ಕಲ್ಲಿನಲ್ಲಿ ಊರಿನ ಹೆಸರು ಹಲ್ಮಿಡಿ ಎಂದಿಲ್ಲ, ‘ಪಲ್ಮಿಡಿ’ ಎಂದಿದೆ! ಒಬ್ಬ ವೀರನಿಗೆ ದಾನ ಕೊಟ್ಟ ಎರಡು ಊರುಗಳಲ್ಲಿ ಅದು ಒಂದು. ಇನ್ನೊಂದು ಮೂಳಿವಳ್ಳಿ. ಕೊನೆಯ ‘ವಳ್ಳಿ’ಯನ್ನು ಗುರುತಿಸಿದಿರಾ? ಅದು ನಮ್ಮ ಪಳ್ಳಿಯೇ. ಇನ್ನೊಂದು ಪದದ ಬೆನ್ನಿಗೆ ಅಂಟಿಕೊಂಡಾಗ ‘ಪ’ ಮೆತ್ತಗಾಗಿ ‘ವ’ ಆಗಿದೆ. ಒಂದೂವರೆ ಸಾವಿರ ವರ್ಷದ ಹಿಂದೆ ಯಾರೋ ಕಲ್ಲಿನಲ್ಲಿ ಕೊರೆದ ಪದವೇ ಇವತ್ತು ಮೆಟ್ರೊದಲ್ಲಿ ಕೇಳಿಬರುತ್ತಿದೆ.

ಬೆಂಗಳೂರಿನಲ್ಲೇ ಒಂದು ಸಾಕ್ಷಿ ಬೇಕೆಂದರೆ ಹೆಬ್ಬಾಳಕ್ಕೆ ಹೋಗಿ. ಅಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಒಂದು ವೀರಗಲ್ಲಿದೆ. ಕಿತ್ತಯ್ಯ ಎಂಬವನು ಕಾಳಗದಲ್ಲಿ ಮಡಿದ ಕಥೆ ಅದರಲ್ಲಿದೆ. ಅಲ್ಲಿ ಆ ಸೀಮೆಯ ಹೆಸರು ‘ಪೆರ್ಬೊಳಲ್ ನಾಡು’. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಪೆರ್ಬೊಳಲ್ ಎಂಬ ದೊಡ್ಡ ಪಟ್ಟಣವೇ ಬಾಯಿಂದ ಬಾಯಿಗೆ ಸವೆದು ಹೆಬ್ಬಾಳವಾಗಿದೆ. ಇಲ್ಲೂ ಪೆ ಹೋಗಿ ಹೆ. ಸುಮಾರು ಹತ್ತನೇ ಶತಮಾನದಿಂದ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ‘ಹ’ ಇಣುಕತೊಡಗುತ್ತದೆ. ಮುಂದಿನ ಕೆಲವು ನೂರು ವರ್ಷಗಳಲ್ಲಿ ಅದೇ ರೂಢಿಯಾಗುತ್ತದೆ. ಅಂದರೆ ದಾರಿ ಬಿಟ್ಟು ಸರಿದದ್ದು ನಾವೇ. ತಮಿಳು, ತೆಲುಗು, ಮಲಯಾಳಂ, ತುಳು ಹಳೆಯ ‘ಪ’ವನ್ನು ಹಾಗೇ ಇಟ್ಟುಕೊಂಡವು.

ಏಕೆ ಹೀಗಾಯಿತೆಂದು ತಿಳಿಯಲು ನಿಮ್ಮ ತುಟಿಯನ್ನೇ ಕೇಳಿ. ‘ಪ’ ಎನ್ನಿ. ಎರಡೂ ತುಟಿ ಮುಚ್ಚಿ, ಗಾಳಿಯನ್ನು ತಡೆದು, ಫಟ್ಟನೆ ಬಿಡುತ್ತವೆ. ಈಗ ತುಟಿಗಳನ್ನು ಪೂರ್ತಿ ಮುಚ್ಚದೆ, ಕೂದಲೆಳೆಯಷ್ಟು ಸಂದು ಬಿಟ್ಟು ಅದೇ ‘ಪ’ ಹೇಳಲು ನೋಡಿ. ಬಿಸಿ ಕಾಫಿ ಊದುವಾಗಿನ ಸದ್ದು ಬರುತ್ತದೆ. ಇನ್ನೂ ಸೋಮಾರಿತನ ಮಾಡಿ, ತುಟಿಗಳನ್ನು ಅಲ್ಲಾಡಿಸಲೇಬೇಡಿ, ಉಸಿರು ಮಾತ್ರ ಬಿಡಿ. ಉಳಿದದ್ದು ‘ಹ’! ಒಂದೊಂದು ಮೆಟ್ಟಿಲಿಗೂ ತುಟಿಯ ಕೆಲಸ ಕಡಿಮೆಯಾಯಿತು. ಇದನ್ನು ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ. ಅಜ್ಜಿಗಿಂತ ಮಗಳು, ಮಗಳಿಗಿಂತ ಮೊಮ್ಮಗಳು ತುಸು ಸಡಿಲವಾಗಿ ಹೇಳಿದ್ದು, ಅಷ್ಟೇ.

ದೂರದ ಜಪಾನಿನಲ್ಲೂ ಇದೇ ನಡೆದಿದೆ. ಅವರ ಹಳೆಯ ‘ಪ’ ಮೊದಲು ಊದುವ ಸದ್ದಾಗಿ, ಆಮೇಲೆ ‘ಹ’ ಆಯಿತು. ನಡುವಿನ ಆ ಊದುವ ಸದ್ದು ಫುಜಿ ಬೆಟ್ಟದ ಹೆಸರಿನಲ್ಲಿ ಇನ್ನೂ ಕೇಳುತ್ತದೆ. ಅವರು ತಮ್ಮ ದೇಶವನ್ನು ನಿಹೋನ್ ಎಂದೂ ನಿಪ್ಪೋನ್ ಎಂದೂ ಕರೆಯುತ್ತಾರೆ. ನಿಪ್ಪೋನ್‌ನಲ್ಲಿ ‘ಪ’ ಉಳಿದದ್ದು ಏಕೆ? ಅದು ಒತ್ತಕ್ಷರ. ಎರಡು ‘ಪ’ ಒಟ್ಟಿಗೆ ಬಂದಾಗ ತುಟಿಗಳು ಬಿಗಿಯಾಗಿ, ಹೆಚ್ಚು ಹೊತ್ತು ಮುಚ್ಚಿಕೊಳ್ಳುತ್ತವೆ. ಅಲ್ಲಿ ಸಡಿಲಕ್ಕೆ ಜಾಗವಿಲ್ಲ.

ಈಗ ನಮ್ಮ ಬೈಯಪ್ಪನಹಳ್ಳಿಯನ್ನು ಬಿಡಿಸಿ ನೋಡಿ. ಒಳಗೊಬ್ಬ ‘ಅಪ್ಪ’ ಇದ್ದಾನೆ, ಕೊನೆಗೊಂದು ‘ಹಳ್ಳಿ’ ಇದೆ. ಅಪ್ಪನ ‘ಪ್ಪ’ ಗಟ್ಟಿಯಾಗಿ ಕುಳಿತಿದೆ, ಪಳ್ಳಿಯ ‘ಪ’ ಮಾತ್ರ ‘ಹ’ ಆಗಿದೆ. ನಿಯಮವೂ ಅದರ ಮಿತಿಯೂ ಒಂದೇ ನಾಮಫಲಕದ ಮೇಲೆ! ಉಪ್ಪು, ತುಪ್ಪ, ಕೆಂಪು, ತಂಪು ಕೂಡ ಹೀಗೇ ಉಳಿದುಕೊಂಡವು. ಪಂಪಾ ಎಂಬ ಹೆಸರಿನಿಂದ ಹಂಪೆ ಬಂದಾಗ ಮೊದಲಿನ ‘ಪ’ ಜಾರಿತು, ‘ಂ’ ಆದ ಮೇಲಿನ ‘ಪ’ ನಿಂತಿತು. ಊಟದ ಎಲೆಯ ಮೇಲೂ ಇದೇ ಪಾಠ ಇದೆ. ಮಲಯಾಳಂನಲ್ಲಿ ಪಪ್ಪಡಂ, ನಮ್ಮಲ್ಲಿ ಹಪ್ಪಳ.

‘ಪುಸ್ತಕ ಏಕೆ ಹುಸ್ತಕ ಆಗಲಿಲ್ಲ’ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ. ಪುಸ್ತಕ, ಪತ್ರ, ಪಾಠ ಸಂಸ್ಕೃತದಿಂದ ಬಂದು ಸಂಸ್ಕೃತದ ರೂಪದಲ್ಲೇ ಉಳಿದ ಅತಿಥಿಗಳು. ಪೆನ್ನು, ಪೊಲೀಸು ಬಂದದ್ದು ತೀರ ಈಚೆಗೆ, ಅಷ್ಟರಲ್ಲಿ ನಿಯಮದ ಕಾಲ ಮುಗಿದಿತ್ತು. ಆದರೆ ಹಿಂದೆಯೇ ಬಂದು ಮನೆಯವರಂತಾದ ಅತಿಥಿಗಳನ್ನು ನಿಯಮ ಬಿಡಲಿಲ್ಲ. ‘ಪಕ್ಷಿ’ ಹಕ್ಕಿಯಾಯಿತು, ‘ಪರ್ವ’ ಹಬ್ಬವಾಯಿತು, ‘ಪಣ’ ಹಣವಾಯಿತು. ಕನ್ನಡದಲ್ಲಿ ಇವತ್ತು ಪಕ್ಷಿಯೂ ಇದೆ, ಹಕ್ಕಿಯೂ ಇದೆ. ಒಂದೇ ಪದ ನಮ್ಮ ಮನೆಗೆ ಎರಡು ಸಲ ಬಂದಿದೆ ಎಂದಾಯಿತು. ಹೀಗೆ ಮೊದಲಕ್ಷರ ನೋಡಿಯೇ ಒಂದು ಪದ ಹಳಬನೋ ಹೊಸಬನೋ ಎಂದು ಸುಮಾರಾಗಿ ಅಂದಾಜು ಮಾಡಬಹುದು. ನನಗೆ ಇದು ಮರದ ಕಾಂಡದ ಉಂಗುರ ಎಣಿಸಿ ವಯಸ್ಸು ಹೇಳುವ ಹಾಗೆ ಕಾಣುತ್ತದೆ.

ಮೆಟ್ರೊ ಸಾಲಿನ ‘ಪುರ’ ಸಂಸ್ಕೃತದ್ದು, ಆದ್ದರಿಂದ ‘ಪ’ ಉಳಿಯಿತು. ‘ಪಾಳ್ಯ’ ಎಂದರೆ ಸೈನ್ಯ ಬೀಡುಬಿಟ್ಟ ಜಾಗ, ಪಾಳೇಗಾರ ಎನ್ನುವಾಗಿನ ಪಾಳೆಯ. ‘ಪ’ ಉಳಿದಿರುವುದನ್ನು ನೋಡಿದರೆ ಈ ಪದ ಊರ ಹೆಸರುಗಳಲ್ಲಿ ಹರಡಿದ್ದು ತಡವಾಗಿ ಎಂದು ಊಹಿಸಬಹುದು. ಊಹೆ ಎಂದೆ, ತೀರ್ಪು ಎನ್ನಲಿಲ್ಲ.

ಇನ್ನು ಎರಡನೇ ಪ್ರಶ್ನೆ. ಊರು, ಶಾಲೆ, ಮಸೀದಿ, ಚರ್ಚು ಒಂದೇ ಪದಕ್ಕೆ ಹೇಗೆ ಒಗ್ಗಿದವು? ತಮಿಳಿನಲ್ಲಿ ‘ಪಳ್ಳಿ’ಗೆ ಇನ್ನೊಂದು ಅರ್ಥವಿದೆ: ಮಲಗುವ ಜಾಗ. ದೇವಸ್ಥಾನದಲ್ಲಿ ದೇವರ ಶಯನಗೃಹಕ್ಕೆ ಪಳ್ಳಿಯರೈ ಎನ್ನುತ್ತಾರೆ. ಬೆಳಗಿನ ಜಾವ ದೇವರನ್ನು ಎಬ್ಬಿಸುವ ಹಾಡು ತಿರುಪ್ಪಳ್ಳಿಯೆಳುಚ್ಚಿ. ಮಲಯಾಳಂನಲ್ಲಿ ಅರಸರ ನಿದ್ದೆಗೆ ಪಳ್ಳಿಕ್ಕುರುಪ್ಪು ಎಂಬ ಗೌರವದ ಮಾತಿತ್ತು. ಹಳಗನ್ನಡದಲ್ಲೂ ‘ಪಳ್ಳಿರು’ ಎಂದರೆ ತಂಗು, ನೆಲೆಸು.

ಇಲ್ಲಿಂದ ದಾರಿ ಕವಲೊಡೆಯಿತು. ದಣಿದವರು ಮೈ ಚಾಚಿದ ಜಾಗದಲ್ಲೇ ಗುಡಿಸಲು ಎದ್ದಿತು, ಗುಡಿಸಲುಗಳ ಸುತ್ತ ಊರು ಬೆಳೆಯಿತು. ಕನ್ನಡ, ತೆಲುಗು ಹಿಡಿದದ್ದು ಆ ದಾರಿಯನ್ನು. ತೆಲುಗಿನ ಮದನಪಲ್ಲೆ, ಅನಕಾಪಲ್ಲಿ ಹುಟ್ಟಿದ್ದು ಹಾಗೆ. ಇತ್ತ ತಮಿಳುನಾಡಿನಲ್ಲಿ ಮದುರೆಯ ಸುತ್ತಲಿನ ಬೆಟ್ಟಗಳ ಗುಹೆಗಳಲ್ಲಿ ಜೈನ ಮುನಿಗಳಿಗಾಗಿ ಬಂಡೆಯಲ್ಲೇ ಕೊರೆದ ಹಾಸಿಗೆಗಳಿವೆ. ಮುನಿಗಳು ತಂಗುವ ಇಂಥ ನೆಲೆಗಳಿಗೂ, ಬೌದ್ಧ ಭಿಕ್ಷುಗಳ ವಿಹಾರಗಳಿಗೂ ಪಳ್ಳಿ ಎಂದೇ ಹೆಸರಾಯಿತು. ಮುನಿಗಳು ಸುಮ್ಮನೆ ಮಲಗಿರುತ್ತಿರಲಿಲ್ಲ, ಓದಿಸುತ್ತಿದ್ದರು. ಹೀಗೆ ಪಾಠ ನಡೆಯುವ ಜಾಗವೂ ಪಳ್ಳಿಯಾಯಿತು ಎಂದು ವಿದ್ವಾಂಸರು ವಿವರಿಸುತ್ತಾರೆ. ಕೇರಳದಲ್ಲಿ ಅದು ಬೌದ್ಧರ, ಜೈನರ ಪ್ರಾರ್ಥನೆಯ ತಾಣದಿಂದ ಮುಂದೆ ಕಡಲು ದಾಟಿ ಬಂದ ಧರ್ಮಗಳ ತಾಣಗಳಿಗೂ ಸಂದಿತು. ತಮಿಳಿನವರೂ ಮಸೀದಿಗೆ ಪಳ್ಳಿವಾಸಲ್ ಎನ್ನುತ್ತಾರೆ. ಶಿವಾಜಿನಗರದಲ್ಲಿ ಆ ಪದ ನಿಮ್ಮ ಕಿವಿಗೆ ಬೀಳದೆ ಇರದು. ನಡುವಿನ ಮೆಟ್ಟಿಲು ಕಂಡ ಮೇಲೆ ಊರು, ಶಾಲೆ, ಮಸೀದಿಗಳ ನಂಟು ವಿಚಿತ್ರವೆನಿಸುವುದಿಲ್ಲ.

ಇದು ನಮ್ಮ ಅಕ್ಕತಂಗಿ ಭಾಷೆಗಳ ಮನೆಯಲ್ಲಿ ಮಾತ್ರ ನಡೆದ ಕಥೆ ಎಂದುಕೊಳ್ಳಬೇಡಿ. ಪೂರ್ವ ಯುರೋಪಿನಲ್ಲಿ ಸ್ಲಾವಿಕ್ ಭಾಷೆಗಳ ದೊಡ್ಡ ಮನೆಯಿದೆ: ರಷ್ಯನ್, ಪೋಲಿಷ್, ಚೆಕ್, ಸರ್ಬಿಯನ್, ಬಲ್ಗೇರಿಯನ್ ಇತ್ಯಾದಿ. ಅಲ್ಲಿ ನಗರಕ್ಕೆ ರಷ್ಯನ್ನರು ಗೊರೊದ್ ಎನ್ನುತ್ತಾರೆ, ಸರ್ಬಿಯನ್ನರು, ಬಲ್ಗೇರಿಯನ್ನರು ಗ್ರಾದ್ ಎನ್ನುತ್ತಾರೆ. ಚೆಕ್ಕರ ಬಾಯಲ್ಲಿ ಅದು ‘ಹ್ರಾದ್’. ನೋಡಿ, ಅಲ್ಲೂ ಒಂದು ‘ಹ’! ನಮ್ಮಲ್ಲಿ ‘ಪ’ ಸಡಿಲವಾದರೆ ಅವರಲ್ಲಿ ‘ಗ’ ಸಡಿಲವಾಗಿದೆ. ರಷ್ಯನ್‌ನಲ್ಲಿ ಕಾಲಿಗೆ ನೊಗಾ, ಚೆಕ್‌ನಲ್ಲಿ ನೊಹಾ. ಬೆಟ್ಟ ರಷ್ಯನ್‌ನಲ್ಲಿ ಗೊರಾ, ಚೆಕ್‌ನಲ್ಲಿ ಹೊರಾ. ಹೆಬ್ಬಾತು ರಷ್ಯನ್‌ನಲ್ಲಿ ಗೂಸ್ ಎಂದು ಹೇಳಿದರೆ, ಚೆಕ್ ಬಾರದ ನೀವೂ ಅಲ್ಲಿ ಅದು ‘ಹ’ದಿಂದ ಶುರುವಾಗುತ್ತದೆ ಎಂದು ಹೇಳಬಲ್ಲಿರಿ. ಹೌದು, ಹುಸಾ.

ಅರ್ಥವೂ ಕವಲೊಡೆದಿದೆ. ಚೆಕ್‌ನ ಹ್ರಾದ್ ನಗರವಲ್ಲ, ಕೋಟೆ. ಪೋಲಿಷ್‌ನ ಗ್ರುದ್ ಹಳೆಯ ಕಾಲದ ಮರದ ಕೋಟೆ. ಮೊದಲಿನ ಅರ್ಥ ಬೇಲಿ ಹಾಕಿದ ಆವರಣ. ಆವರಣ ಕೋಟೆಯಾಯಿತು, ಕೋಟೆಯ ಸುತ್ತ ಊರು ಬೆಳೆಯಿತು. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್ ಎಂದರೆ ಬಿಳಿ ನಗರ, ರಷ್ಯಾದ ನೊವ್‌ಗೊರೊದ್ ಎಂದರೆ ಹೊಸ ನಗರ. ಇನ್ನೂ ಹಿಂದಕ್ಕೆ ಹೋದರೆ ಇಂಗ್ಲಿಷಿನ ಗಾರ್ಡನ್, ನಾವು ಗೃಹಪ್ರವೇಶ ಎನ್ನುವಾಗಿನ ಸಂಸ್ಕೃತದ ‘ಗೃಹ’ ಕೂಡ ಅದೇ ಬೇರಿನ ಚಿಗುರುಗಳು. ಗೃಹಕ್ಕೂ ಗೊರೊದಿಗೂ ನಂಟಿದೆ ಎಂದು ಕಿವಿಯಂತೂ ಒಪ್ಪುವುದಿಲ್ಲ. ನಿಯಮ ಒಪ್ಪುತ್ತದೆ.

ಕಿವಿಯನ್ನು ಪೂರ್ತಿ ನಂಬಬಾರದು ಎಂಬುದಕ್ಕೆ ಎದುರು ಉದಾಹರಣೆಯೂ ಇದೆ. ಹಳ್ಳಿಯ ‘ಳ’ವನ್ನು ‘ಲ’ ಮಾಡಿ, ಏನಾಗುತ್ತದೆ? ಗೋಡೆ ಮೇಲೆ ಲೊಚಗುಟ್ಟುವ ಹಲ್ಲಿ! ತಮಿಳಿನಲ್ಲೂ ಪಳ್ಳಿ ಶಾಲೆ, ಪಲ್ಲಿ ಹಲ್ಲಿ. ಎರಡೂ ಪದಗಳು ಒಂದೇ ನಿಯಮ ಪಾಲಿಸಿವೆ, ಆದರೂ ಒಂದಕ್ಕೊಂದು ಏನೂ ಸಂಬಂಧವಿಲ್ಲ. ಹಾಗೆಯೇ ಮಲಯಾಳಂನ ‘ಚಕ್ಕ’ ಎಂದರೆ ಹಲಸಿನಹಣ್ಣು, ನಮ್ಮ ಮಸಾಲೆ ಡಬ್ಬಿಯ ‘ಚಕ್ಕೆ’ ಎಂದರೆ ಮರದ ಸಿಪ್ಪೆ. ಆ ಚಕ್ಕವನ್ನು ಕೇರಳದಲ್ಲಿ ಕೇಳಿಸಿಕೊಂಡ ಪೋರ್ಚುಗೀಸರು ‘ಜಾಕ’ ಎಂದರು, ಇಂಗ್ಲಿಷರು ‘ಜ್ಯಾಕ್’ ಎಂದರು. ಜ್ಯಾಕ್‌ಫ್ರೂಟ್‌ಗೂ ಜ್ಯಾಕ್ ಎಂಬ ಹುಡುಗನಿಗೂ ನಂಟಿಲ್ಲ.

ಶಿವಾಜಿನಗರದ ಹಿಂದಿನ ಹೆಸರು ಬ್ಲ್ಯಾಕ್‌ಪಲ್ಲಿ. ಅಲ್ಲಿ ನೆಲೆಸಿದ ತಮಿಳಿನವರು ಬಿಳಿ ಅಕ್ಕಿ ಬೆಳೆಯುತ್ತಿದ್ದರು, ಆ ‘ಬಿಳಿ ಅಕ್ಕಿ ಪಳ್ಳಿ’ಯೇ ಬ್ಲ್ಯಾಕ್‌ಪಲ್ಲಿ ಆಯಿತು ಎಂಬುದು ಒಂದು ಕಥೆ. ಕಂಟೋನ್ಮೆಂಟಿನ ನಕ್ಷೆ ಹಾಕಿದ ಜಾನ್ ಬ್ಲ್ಯಾಕಿಸ್ಟನ್ ಎಂಬ ಎಂಜಿನಿಯರನ ಹೆಸರದು ಎಂಬುದು ಇನ್ನೊಂದು. ಬಿಳಿ ಹೋಗಿ ಕಪ್ಪಾದ ಮೊದಲ ಕಥೆ ಬಹಳ ಚಂದ. ಚಂದ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಸ್ವಲ್ಪ ಅನುಮಾನ. ಆದರೆ ಕೊನೆಯ ‘ಪಲ್ಲಿ’ಯ ಬಗ್ಗೆ ಅನುಮಾನವೇ ಬೇಡ. ತಮಿಳು, ತೆಲುಗು ಬಾಯಿಗಳ ನಡುವೆ ಬೆಳೆದ ಜಾಗದ ಹೆಸರಿನಲ್ಲಿ ‘ಪ’ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥ ನಂಟುಗಳನ್ನು ಕೂತು ಹುಡುಕಿದವರಲ್ಲಿ ಒಬ್ಬರ ಪ್ರತಿಮೆ ದಂಡಿನಲ್ಲೇ, ಎಂ.ಜಿ. ರಸ್ತೆಯಲ್ಲಿದೆ. ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಎಷ್ಟೋ ಪದಗಳ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳಂ, ತುಳುವಿನ ಸೋದರಿಯರ ಹೆಸರನ್ನೂ ಅವರು ಬರೆದಿಟ್ಟರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ!

‘ಪ’ದ ಪ್ರಯಾಣ ‘ಹ’ದಲ್ಲೇ ನಿಂತಿದೆಯೇ? ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದನ್ನು ಕೇಳಿ: ‘ಮಾರತಳ್ಳಿ, ಮಾರತಳ್ಳಿ!’ ಮಾರತ್ತಹಳ್ಳಿಯ ‘ಹ’ ಎಲ್ಲಿ? ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಾಲು ‘ಆಲು’, ಹೂ ‘ಊವು’ ಆಗುವುದುಂಟು. ಇದನ್ನು ತಪ್ಪು ಎಂದು ನಗುವವರಿದ್ದಾರೆ. ನಗುವ ಮೊದಲು ತಮ್ಮ ಹಿರಿಯರೂ ‘ಪಾಲು’ ಎನ್ನುವ ಬದಲು ‘ಹಾಲು’ ಎಂದವರೇ ಎಂಬುದನ್ನು ಅವರು ನೆನೆಯಬೇಕು. ತುಟಿ ಮೊದಲು ಸುಮ್ಮನಾಯಿತು, ಈಗ ಉಸಿರೂ ಸುಮ್ಮನಾಗುತ್ತಿದೆ.

ನಿಯಮ ಗೊತ್ತಾಯಿತಲ್ಲ, ಇನ್ನು ನಿಮ್ಮ ಸರದಿ. ರಸಲ್ ಮಾರ್ಕೆಟ್ಟಿಗೆ ಅಮ್ಮನ ಜೊತೆ ಹೋದಾಗ ತಮಿಳು ಮಾತಾಡುವ ಹೂವಿನ ಅಕ್ಕನನ್ನೋ ಹಣ್ಣಿನ ಅಣ್ಣನನ್ನೋ ಕೇಳಿ, ಈ ಪದಗಳನ್ನು ಅವರ ಬಾಯಿಂದಲೇ ಹೇಳಿಸಿ, ಕನ್ನಡದ ಸೋದರಿಯನ್ನು ನೀವೇ ಪತ್ತೆ ಮಾಡಿ: ಪಗಲ್, ಪಸಿ, ಪಾಂಬು, ಪುಣ್, ಪೊನ್, ಪುಳಿ. ಪಾಂಬು ತುಸು ತಿಣುಕಿಸುತ್ತದೆ, ಏಕೆಂದರೆ ಅದರ ಬಾಲವೂ ಬದಲಾಗಿದೆ. ಕೊನೆಗೊಂದು ‘ಪರುಪ್ಪು’ ಸೇರಿಸುತ್ತೇನೆ, ಎಚ್ಚರ! ತೆಲುಗಿನಲ್ಲಿ ಅದಕ್ಕೆ ‘ಪಪ್ಪು’ ಎಂಬ ಸೋದರಿ ಇದ್ದಾಳೆ, ಕನ್ನಡದಲ್ಲಿ ಮಾತ್ರ ಬೇರೆಯೇ ಒಂದು ಪದ ಆ ಕೆಲಸಕ್ಕೆ ನಿಂತಿದೆ. ನಿಯಮವನ್ನು ನೆಚ್ಚಿಕೊಂಡು ‘ಅರ್ಧ ಕಿಲೋ ಹರುಪ್ಪು ಕೊಡಿ’ ಎಂದರೆ ಯಾವ ಅಂಗಡಿಯವರೂ ಕೊಡುವುದಿಲ್ಲ. ಸುಮ್ಮನೆ ತೊಗರಿಬೇಳೆ ಕೇಳಿ.